ಚಿತ್ರ ಪುಸ್ತಕದಲ್ಲಿ ನಮ್ಮ ಕಂಬಳಿ ಎಲ್ಲಿ?

ಎರಡು ಕಡ್ಡಿ, ಒಂದು ಉಣ್ಣೆಯುಂಡೆ, ಮೊಮ್ಮಗುವಿಗೆ ಸ್ವೆಟರು ಹೆಣೆಯುವ ಅಜ್ಜಿ, ಕಿಟಕಿಯಾಚೆ ಹಿಮ. ಹೆಣಿಗೆಯ ಕಥೆ ಹೇಳುವ ಮಕ್ಕಳ ಚಿತ್ರ ಪುಸ್ತಕಗಳು ಬಹುಮಟ್ಟಿಗೆ ಹೀಗೆಯೇ. ಅವು ಅಂದವಾಗಿಯೇ ಇವೆ. ಆ ಬಗ್ಗೆ ತಕರಾರಿಲ್ಲ. ಆದರೆ ಬಬ್ಬೂರಿನ ಮಗು ಹಿಮ ಕಂಡಿಲ್ಲ. ಕುರಿ ಕಂಡಿದೆ, ಕಂಬಳಿ ಹೊದ್ದಿದೆ.

ಪಕ್ಕದ ಚಳ್ಳಕೆರೆ ತಾಲ್ಲೂಕು ಕಂಬಳಿಗೆ ಹೆಸರಾದುದು. ಅಲ್ಲಿ ಉಣ್ಣೆಯನ್ನು ಕಡ್ಡಿಯಲ್ಲಿ ಹೆಣೆಯುವುದಿಲ್ಲ, ಮಗ್ಗದಲ್ಲಿ ನೇಯುತ್ತಾರೆ. ಉಣ್ಣೆ ಕತ್ತರಿಸಬೇಕು, ಹಿಂಜಬೇಕು, ಹೆಂಗಸರು ನೂಲಬೇಕು, ಹುಣಸೆಬೀಜದ ಗಂಜಿ ಹಚ್ಚಿ ಎಳೆ ಗಟ್ಟಿಮಾಡಬೇಕು, ಆಮೇಲೆ ನೇಯ್ಗೆ. ಒಂದೊಂದು ಕೆಲಸಕ್ಕೆ ಒಂದೊಂದು ಪುಟ ಕೊಟ್ಟರೆ ಪುಸ್ತಕವೇ ಆಯಿತು!

ಕೊನೆಯ ಪುಟ ಸಂತೆಯದಾಗಲಿ. ಕಂಬಳಿ ಎಷ್ಟಕ್ಕೆ ಹೋಯಿತು, ನೂತವಳ ಕೈಗೆ ಎಷ್ಟು ಬಂತು ಎಂದು ಮಗು ಕೇಳಲಿ. ಅಜ್ಜಿ ಪ್ರೀತಿಗೆ ಹೆಣೆದದ್ದಕ್ಕೆ ಕೂಲಿ ಬೇಡ. ಹೊಟ್ಟೆಪಾಡಿಗೆ ನೇಯ್ದದ್ದಕ್ಕೆ ಬೇಡವೇ?

1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಅಗ್ಗದ ಬೆಲೆಗೆ ಕನ್ನಡದಲ್ಲೂ ಮಕ್ಕಳ ಚಿತ್ರ ಪುಸ್ತಕ ತಂದು ತೋರಿಸಿದೆ. ದಾರಿಯಂತೂ ಇದೆ. ಬರೆಯಬಲ್ಲ ಮೇಷ್ಟರು ಮಗ್ಗದ ಮುಂದೆ ನಾಲ್ಕು ದಿನ ಕೂರಲಿ. ಗಿರಣಿಯಲ್ಲಿ ದುಡಿಯುವವನ ಮಗಳೂ ಮುಂದೊಂದು ದಿನ ಪುಟ ತಿರುವಿ, “ಇದು ನಮ್ಮಪ್ಪನ ಕೆಲಸ” ಎನ್ನುವಂತಾಗಲಿ. ದುಡಿಮೆಯ ಗೌರವ ಭಾಷಣದಿಂದ ಬರುವುದಿಲ್ಲ. ಮೊದಲ ಪುಸ್ತಕದಿಂದಲೇ ಬರಬೇಕು.