ಇಂದಿರೆಯ ಕಥೆಯನ್ನು ಪೂರ್ತಿಯಾಗಿ ಹೇಳೋಣ



1949ರಲ್ಲಿ ಜಪಾನಿನ ಮಕ್ಕಳ ಕೋರಿಕೆಗೆ ಓಗೊಟ್ಟು ನೆಹರೂ ಅವರು ಟೋಕಿಯೋದ ಉಯೆನೋ ಮೃಗಾಲಯಕ್ಕೆ ಮೈಸೂರು ಸೀಮೆಯ ಇಂದಿರಾ ಎಂಬ ಆನೆಯನ್ನು ಕಳುಹಿಸಿದರು. ಆಕೆಗೆ ಕನ್ನಡವಷ್ಟೇ ತಿಳಿಯುತ್ತಿದ್ದುದರಿಂದ ಅಲ್ಲಿನ ಪಾಲಕರು ನಮ್ಮ ಮಾವುತರಿಂದ ಕನ್ನಡ ಕಲಿತರೆಂದು ನಾವು ಕೂಟಗಳಲ್ಲಿ ಬೀಗುತ್ತೇವೆ. ಈ ಹೆಮ್ಮೆಗೆ ನನ್ನ ಆಕ್ಷೇಪವಿದೆ.

ಆ ಮಕ್ಕಳು ಆನೆಯನ್ನು ಬೇಡಿದ್ದಾದರೂ ಏಕೆ? 1943ರಲ್ಲಿ, ಬಾಂಬು ಬಿದ್ದರೆ ಮೃಗಗಳು ತಪ್ಪಿಸಿಕೊಂಡಾವೆಂದು ನಗರಾಡಳಿತವು ಅವುಗಳ ಹತ್ಯೆಗೆ ಆಜ್ಞಾಪಿಸಿತು. ಉಯೆನೋದ ಮೂರು ಆನೆಗಳನ್ನು ಉಪವಾಸ ಕೆಡವಿ ಕೊಲ್ಲಲಾಯಿತು. ಸೆಪ್ಟೆಂಬರ್ 4ರಂದು ಮೃತ ಪ್ರಾಣಿಗಳಿಗೆ ಶ್ರದ್ಧಾಂಜಲಿ ನಡೆದಾಗ ಎರಡು ಆನೆಗಳು ಇನ್ನೂ ಉಸಿರಾಡುತ್ತಿದ್ದವು! ಟೋಂಕಿ ಎಂಬುದು ಸತ್ತದ್ದು 23ರಂದು. ಹಸಿವಿನ ಸಾವು ದಯಾಮರಣವಲ್ಲವೆಂದು ವೈದ್ಯನಾದ ನಾನು ಬಲ್ಲೆ. ಯುದ್ಧಕಾಲದ ಅನಿವಾರ್ಯವೆನ್ನುವವರು ನಗೋಯಾ ನಗರವನ್ನು ನೋಡಲಿ. ಅಲ್ಲಿನ ಮೃಗಾಲಯದ ಎರಡು ಆನೆಗಳು ಯುದ್ಧ ಮುಗಿಯುವವರೆಗೂ ಬದುಕುಳಿದವು.

ಬರಿದಾದ ಆ ಲಾಯಕ್ಕೆ ನಮ್ಮ ಇಂದಿರೆ ಹೋದಳು. ಮರಳಿ ಬರಲಿಲ್ಲ, 1983ರಲ್ಲಿ ತೀರಿಕೊಂಡಳು. ನಾವು ಸಂಭ್ರಮಿಸುವ ಕನ್ನಡ ಅವಳ ಪಾಲಿಗೆ ನುಡಿಯಲ್ಲ, ಕೂರು, ಏಳು ಎಂಬ ಆಜ್ಞೆ.

2025ರಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ವಿನಿಮಯದ ಮೇರೆಗೆ ಜಪಾನಿನ ಹಿಮೇಜಿಗೆ ವಿಮಾನವೇರಿದವು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮತ್ತದೇ ಚಪ್ಪಾಳೆ. ಅವುಗಳ ಆರೋಗ್ಯವರದಿಯನ್ನು ಪ್ರತಿವರ್ಷ ಪ್ರಕಟಿಸಿರೆಂದು ಕರ್ನಾಟಕ ಮೃಗಾಲಯ ಪ್ರಾಧಿಕಾರವನ್ನು ಕೇಳುವ ಪತ್ರವೊಂದನ್ನು ಬರೆದಿದ್ದೇನೆ. ರಾಜ್ಯೋತ್ಸವದ ದಿನ ನೋಂದಣಿ ಮೇಜಿನ ಮೇಲಿರುತ್ತದೆ, ಸಹಿ ಹಾಕಿ.