ಎಣಿಕೆಗೆ ಬಾರದ ವರ್ಷಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಖಾಯಂ ನಿವಾಸಿಯಾದವನು ಪೌರತ್ವಕ್ಕೆ ಯಾವಾಗ ಅರ್ಜಿ ಹಾಕಬಹುದೆಂದು ಕೇಳಿದರೆ, ಬಲ್ಲವರು ಥಟ್ಟನೆ ಉತ್ತರ ಕೊಡುವರು: ಐದು ವರ್ಷಗಳಾದ ಮೇಲೆ. ಉತ್ತರವು ತಪ್ಪಲ್ಲ. ಆ ಐದು ವರ್ಷಗಳಲ್ಲಿ 30 ತಿಂಗಳಾದರೂ ದೇಶದೊಳಗೇ ಇದ್ದಿರಬೇಕು, ನಡತೆಯು ಕಳಂಕರಹಿತವಾಗಿರಬೇಕು. ಅಲ್ಲಿಯ ಪೌರರನ್ನು ವಿವಾಹವಾಗಿ ಅವರೊಡನೆ ಸಂಸಾರ ನಡೆಸುತ್ತಿರುವವರಿಗೆ ಮೂರೇ ವರ್ಷ ಸಾಕು. ಗಡುವಿಗೆ 90 ದಿನ ಮುಂಚಿತವಾಗಿಯೇ ಅರ್ಜಿ ಸಲ್ಲಿಸಲಿಕ್ಕೂ ಅಡ್ಡಿಯಿಲ್ಲ. ಹೊಸಬನು ನೆಲದ ನಡೆನುಡಿಗಳಿಗೆ ಹೊಂದಿಕೊಳ್ಳುವುದಕ್ಕೆ ಕೆಲವು ಕಾಲ ಬೇಕೆಂಬುದನ್ನು ಯಾರೂ ಅಲ್ಲಗಳೆಯರು.

ಆದರೆ ಐದು ವರ್ಷಗಳು ಎಂದಿನಿಂದ? ಮೋಸವಿರುವುದು ಇಲ್ಲಿಯೇ. ಆತನು ಆ ನೆಲದಲ್ಲಿ ಕಾಲಿಟ್ಟ ದಿನದಿಂದಲ್ಲ, ಗ್ರೀನ್ ಕಾರ್ಡು ಮಂಜೂರಾದ ದಿನದಿಂದ!

ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಎಚ್-1ಬಿ ವೀಸಾದ ಮೇಲೆ ಹೋದ ಎಂಜಿನಿಯರನ ಪಾಡನ್ನು ನೋಡಬಹುದು. ಉದ್ಯೋಗದ ಮೂಲಕ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳು ದೊರೆಯುತ್ತವೆ. ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ನೂರಕ್ಕೆ 7ರ ಮಿತಿ. ಭಾರತದಷ್ಟು ದೊಡ್ಡ ದೇಶಕ್ಕೂ ಅಷ್ಟೇ, ಅಂಗೈಯಗಲದ ದ್ವೀಪಕ್ಕೂ ಅಷ್ಟೇ. ಸಮತೆಯೆಂದರೆ ಇದೇ ಇರಬೇಕು! ಆದುದರಿಂದ ಈತನು ಸಾಲಿನಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ನಿಲ್ಲುತ್ತಾನೆ. ನಿಂತಷ್ಟು ಕಾಲವೂ ತೆರಿಗೆ ಕೊಡುತ್ತಾನೆ, ಮನೆ ಕೊಳ್ಳುತ್ತಾನೆ, ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳುಹಿಸುತ್ತಾನೆ. ಕೆಲಸ ಹೋದರೆ ಬೇರೊಂದನ್ನು ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನಗಳ ಅವಕಾಶ. ತೊಡೆಯ ಮೇಲೆ ಕುಳಿತು ಬಂದ ಕೂಸು 21 ವರ್ಷ ತುಂಬಿದೊಡನೆ ತಂದೆಯ ಆಸರೆಯ ವೀಸಾವನ್ನು ಕಳೆದುಕೊಂಡು, ತಾನು ಬೆಳೆದ ಊರಿನಲ್ಲಿಯೇ ಪರದೇಶಿಯಾಗುತ್ತದೆ. ಕಟ್ಟಕಡೆಗೆ ಕಾರ್ಡು ಬಂದಾಗ ಕಾನೂನು ಆತನಿಗೆ ಹೇಳುವುದೇನು? ಇಂದು ಮೊದಲನೆಯ ದಿನ, ಇನ್ನೈದು ವರ್ಷ ಕಾದಿರು, ಎಂದು.

ತಾತ್ಕಾಲಿಕವಾಗಿ ಬಂದವನು ತಾತ್ಕಾಲಿಕನೇ. ಅವನ ವಾಸವನ್ನು ಎಣಿಸುವುದೇಕೆ, ಎಂದು ಆಕ್ಷೇಪಿಸುವವರುಂಟು. ವಾದವು ಕೇಳಲು ಚೆನ್ನಾಗಿದೆ. ಆದರೆ ಎಚ್-1ಬಿ ವೀಸಾದವನು ಅಲ್ಲಿಯೇ ನೆಲಸುವ ಉದ್ದೇಶವನ್ನು ಇಟ್ಟುಕೊಳ್ಳಬಹುದೆಂದು 1990ರಿಂದ ಆ ಕಾನೂನೇ ಒಪ್ಪಿದೆ. ಗ್ರೀನ್ ಕಾರ್ಡಿನ ಅರ್ಜಿಯು ಸಾಲಿನಲ್ಲಿರುವವನಿಗೆ ಆರು ವರ್ಷಗಳ ಮಿತಿಯನ್ನು ದಾಟಿ ವೀಸಾವನ್ನು ಮುಂದುವರಿಸುತ್ತಲೂ ಇದೆ. ಉದ್ದೇಶವನ್ನು ಒಪ್ಪಿ, ವಾಸವನ್ನು ಮಾತ್ರ ಇಲ್ಲವೆನ್ನುವುದು ಯಾವ ನ್ಯಾಯ?

ಹಿಂದಿನ ಕಾಲವನ್ನು ಎಣಿಸುವ ವಿದ್ಯೆಯು ಅಮೆರಿಕಕ್ಕೆ ತಿಳಿಯದುದೂ ಅಲ್ಲ. ನಿರಾಶ್ರಿತನಾಗಿ ಬಂದವನಿಗೆ ಗ್ರೀನ್ ಕಾರ್ಡು ಸಿಕ್ಕಿದಾಗ, ಅವನ ಖಾಯಂ ನಿವಾಸವನ್ನು ಅವನು ಬಂದಿಳಿದ ದಿನದಿಂದಲೇ ಲೆಕ್ಕ ಹಿಡಿಯುತ್ತಾರೆ. ಒಳಗೆ ಬಂದ ಮೇಲೆ ಆಶ್ರಯ ಪಡೆದವನಿಗೆ ಒಂದು ವರ್ಷವನ್ನು ಹಿಂದಕ್ಕೆ ಸರಿಸಿ ಕೊಡುತ್ತಾರೆ. ಇದು ಯೋಗ್ಯವಾದ ಕ್ರಮವೇ. ಆಕ್ಷೇಪವೇನಿದ್ದರೂ ಅದು ಅಲ್ಲಿಗೇ ನಿಂತುಹೋಯಿತೆಂಬುದಕ್ಕೆ. ನೆರೆಯ ಕೆನಡಾದಲ್ಲಿ ಐದು ವರ್ಷಗಳೊಳಗೆ 1,095 ದಿನಗಳ ವಾಸವಾದರೆ ಸಾಕು. ಖಾಯಂ ನಿವಾಸಿಯಾಗುವ ಮೊದಲು ಕ್ರಮಬದ್ಧವಾಗಿ ಕಳೆದ ಒಂದೊಂದು ದಿನಕ್ಕೂ ಅರ್ಧ ದಿನದಂತೆ, 365 ದಿನಗಳವರೆಗೆ, ಜಮೆ ಹಿಡಿಯುವರು.

ಈ ಸಾಲಿಗೆ ಒಂದು ಹಿಂದಿನ ಕಥೆಯೂ ಉಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯು ‘ಬಿಳಿಯನಲ್ಲ’, ಆದುದರಿಂದ ಪೌರನಾಗಲಾರನೆಂದು ಆ ದೇಶದ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪಿತ್ತಿತು. ಭಾರತೀಯರಿಗೆ ಆ ಬಾಗಿಲು ತೆರೆದುದು 1946ರ ಶಾಸನದಿಂದ. ಅಂದು ಬಣ್ಣವನ್ನು ನೋಡಿ ಹೊರಗಿಟ್ಟರು. ಇಂದು ಹುಟ್ಟಿದ ನೆಲವನ್ನು ನೋಡಿ ಕಾಯಿಸುತ್ತಾರೆ, ಕಾಯ್ದುದನ್ನು ಲೆಕ್ಕಕ್ಕೂ ಹಿಡಿಯರು.

ಬೇಕಾಗಿರುವುದು ದೊಡ್ಡದೇನೂ ಅಲ್ಲ. ನಿರಾಶ್ರಿತರಿಗೆ ಕೊಟ್ಟಷ್ಟನ್ನಲ್ಲವಾದರೂ, ಕೆನಡಾ ಕೊಡುವ ಅರ್ಧವನ್ನಾದರೂ ಕೊಡಲಿ. ಅದರಿಂದ ಗ್ರೀನ್ ಕಾರ್ಡುಗಳ ಸಂಖ್ಯೆಯು ಒಂದೂ ಹೆಚ್ಚುವುದಿಲ್ಲ. ಸಾಲಿನಲ್ಲಿ ಬೇರೆ ಯಾರೂ ಹಿಂದಕ್ಕೆ ಸರಿಯಬೇಕಾಗಿಯೂ ಇಲ್ಲ.