ಬಿಳಿ ಭಾಗ ಹೇಗೆ ಬೆಳೆಯಿತು?

ನಿಮ್ಮ ಮನೆಯಲ್ಲಿ ಪ್ರೈಮರಿ 5 ಅಥವಾ 6ರಲ್ಲಿ ಓದುವ ಮಗುವಿದ್ದರೆ ಈ ಪ್ರಶ್ನೆ ನಿಮಗೂ ಎದುರಾಗಿರುತ್ತದೆ. ನಡುವೆ ಹಸಿರು, ಅಂಚು ಬಿಳಿ ಇರುವ ಒಂದು ಎಲೆಯ ಚಿತ್ರ. ಬಣ್ಣ ತೆಗೆದು ಅಯೋಡಿನ್ ಹಾಕಿದರೆ ಯಾವ ಭಾಗ ಕಡುನೀಲಿಯಾಗುತ್ತದೆ? ಹಸಿರಿದ್ದ ಭಾಗ. ಅಲ್ಲಿ ಪತ್ರಹರಿತ್ತು ಇದೆ, ಪಿಷ್ಟ ತಯಾರಾಗುತ್ತದೆ. ಪೂರ್ತಿ ಅಂಕ.

ನನ್ನ ಮಗಳೂ ಸರಿಯಾಗಿಯೇ ಬರೆದಳು. ಪೆನ್ಸಿಲ್ ಇಟ್ಟು, ಕಾರಿಡಾರಿನಲ್ಲಿ ಜೋತುಬಿದ್ದಿದ್ದ ನಮ್ಮ ಮನಿ ಪ್ಲಾಂಟ್ ನೋಡುತ್ತಾ ಕೇಳಿದಳು: "ಅಮ್ಮ, ಬಿಳಿ ಭಾಗ ಊಟಾನೇ ಮಾಡ್ಕೊಳ್ಳಲ್ಲ ಅಂದ್ರೆ, ಅದು ಇಷ್ಟು ದೊಡ್ಡದು ಹೇಗಾಯ್ತು?"

"ಅದು ಪಿಎಸ್‌ಎಲ್‌ಇಗೆ ಬರಲ್ಲ, ಮುಂದಿನ ಪ್ರಶ್ನೆ ನೋಡು" ಎಂದುಬಿಟ್ಟೆ. ಆಕೆ ಸುಮ್ಮನಾದಳು. ಹಾಗೆ ಸುಮ್ಮನಾದದ್ದು ರಾತ್ರಿಯೆಲ್ಲ ನನ್ನನ್ನು ಕೊರೆಯಿತು. ಇಡೀ ಹಾಳೆಯಲ್ಲಿ ನಿಜವಾದ ಪ್ರಶ್ನೆ ಅದೊಂದೇ ಆಗಿತ್ತು. ಹಾಗಾಗಿ ಈ ಸಲದ ಅಂಕಣ ಅವಳಿಗೆ ಕೊಡಬೇಕಿದ್ದ ಉತ್ತರ.

ಅರ್ಧ ಉತ್ತರ ಸುಲಭ. ಹಸಿರು ಭಾಗ ತಯಾರಿಸಿದ ಸಕ್ಕರೆ ಎಲೆಯ ನರಗಳ ಮೂಲಕ ಗಿಡದಲ್ಲೆಲ್ಲ ಹರಿಯುತ್ತದೆ. ಬಿಳಿ ಭಾಗ ನೆರೆಮನೆಯ ಊಟ ಉಂಡು ಬದುಕುತ್ತದೆ. ಹಾಗಾದರೆ ಊಟ ಹೊರಗಿನಿಂದ ಬಂದರೆ ಎಲೆ ಬೆಳೆಯಲು ಕ್ಲೋರೋಪ್ಲಾಸ್ಟ್ ಬೇಕೇ ಇಲ್ಲವೇ? ಇಲ್ಲಿಂದ ಕತೆ ಕುತೂಹಲದ್ದು.

ಕ್ಲೋರೋಪ್ಲಾಸ್ಟ್‌ಗೆ ತನ್ನದೇ ಜೀನ್‌ಗಳಿವೆ. ಇದರ ಮೊದಲ ಸುಳಿವು ಕೊಟ್ಟದ್ದು ನಮ್ಮ ಊರಿನ ಹಿತ್ತಲುಗಳಲ್ಲಿ ತಾನಾಗಿ ಬೆಳೆಯುವ ಸಂಜೆ ಮಲ್ಲಿಗೆ. 1909ರಲ್ಲಿ ಜರ್ಮನಿಯ ಕಾರ್ಲ್ ಕೊರೆನ್ಸ್ ಅದರ ಬಿಳಿ-ಹಸಿರು ಎಲೆಯ ಗಿಡಗಳನ್ನು ನೋಡಿದರು. ಬಿಳಿ ಕೊಂಬೆಯ ಹೂವಿನ ಬೀಜದಿಂದ ಬಿಳಿ ಸಸಿ, ಹಸಿರು ಕೊಂಬೆಯದರಿಂದ ಹಸಿರು ಸಸಿ. ಪರಾಗ ಯಾವ ಗಿಡದ್ದಾದರೂ ಅಷ್ಟೇ. ಅಂದರೆ ಈ ಗುಣ ತಾಯಿಯ ಕಡೆಯಿಂದ ಮಾತ್ರ ಬರುತ್ತಿತ್ತು. 1986ರಲ್ಲಿ ತಂಬಾಕು ಗಿಡದ ಕ್ಲೋರೋಪ್ಲಾಸ್ಟ್‌ನ ಇಡೀ ಡಿಎನ್‌ಎಯನ್ನು ಜಪಾನಿನ ವಿಜ್ಞಾನಿಗಳು ಓದಿದರು. ಅಲ್ಲಿರುವುದು ನೂರಕ್ಕಿಂತ ಸ್ವಲ್ಪ ಹೆಚ್ಚು ಜೀನ್‌ಗಳು. ಕ್ಲೋರೋಪ್ಲಾಸ್ಟ್‌ಗೆ ಬೇಕಾದ ಉಳಿದ ಸಾವಿರಾರು ಪ್ರೋಟೀನ್‌ಗಳ ಜೀನ್‌ಗಳು ಕೋಶಕೇಂದ್ರದಲ್ಲಿವೆ.

ಆ ನೂರು ಜೀನ್‌ಗಳ ಕೆಲಸ ಬರೀ ಅಡುಗೆಯೇ? 2003ರಲ್ಲಿ ಜರ್ಮನಿಯ ರಾಲ್ಫ್ ಬಾಕ್ ಮತ್ತು ಸಹೋದ್ಯೋಗಿಗಳು ಇದನ್ನು ತಂಬಾಕಿನಲ್ಲೇ ಪರೀಕ್ಷಿಸಿದರು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಕಾಣುವ ಅದೇ ಹೊಗೆಸೊಪ್ಪು. ಒಂದೇ ಗಿಡದ ಕೆಲವು ಜೀವಕೋಶಗಳ ಸಾಲಿನಲ್ಲಿ ಮಾತ್ರ ಕ್ಲೋರೋಪ್ಲಾಸ್ಟ್ ತನ್ನ ಪ್ರೋಟೀನ್ ತಯಾರಿಸದಂತೆ ಮಾಡಿದರು. ಆ ಸಾಲು ಬಿಳಿಯಾಗಲಿಲ್ಲ. ಅಲ್ಲಿ ಎಲೆಯೇ ಬರಲಿಲ್ಲ! ಜೀವಕೋಶಗಳು ವಿಭಜನೆ ನಿಲ್ಲಿಸಿದವು, ಎಲೆಯ ಆ ಪಾಲು ಕತ್ತರಿಸಿ ತೆಗೆದಂತೆ ಖಾಲಿ. ಪಕ್ಕದ ಆರೋಗ್ಯವಂತ ಭಾಗಕ್ಕೂ ಅದನ್ನು ತುಂಬಿಕೊಡಲಾಗಲಿಲ್ಲ. ಹೂವುಗಳ ಆಕಾರವೂ ಕೆಟ್ಟಿತ್ತು. ಆದ್ದರಿಂದ ಇದು ಬರೀ ಆಹಾರದ ಕೊರತೆಯಲ್ಲ ಎಂದು ಅವರು ತೀರ್ಮಾನಿಸಿದರು.

ಕಾರಣಗಳಲ್ಲೊಂದು ಹೀಗಿದೆ. ಒಂದು ಜೀವಕೋಶ ಎರಡಾಗಬೇಕಾದರೆ ಹೊಸ ಪೊರೆ ಬೇಕು, ಪೊರೆಗೆ ಕೊಬ್ಬು ಬೇಕು. ಗಿಡದಲ್ಲಿ ಕೊಬ್ಬಿನ ಆಮ್ಲಗಳು ತಯಾರಾಗುವುದು ಇದೇ ಕ್ಲೋರೋಪ್ಲಾಸ್ಟ್ ಮತ್ತು ಅದರ ಬಣ್ಣವಿಲ್ಲದ ದಾಯಾದಿಗಳಲ್ಲಿ. ಈ ಇಡೀ ಬಳಗದ ಹೆಸರು ಪ್ಲಾಸ್ಟಿಡ್. ಆ ಕೆಲಸದ ಕಿಣ್ವವೊಂದರ ಒಂದು ತುಂಡಿನ ಜೀನ್ ತಂಬಾಕಿನಲ್ಲಿ ಪ್ಲಾಸ್ಟಿಡ್‌ನಲ್ಲೇ ಇದೆ. 'ಎಸಿಸಿಡಿ' ಎಂಬ ಆ ಜೀನ್ ಇಲ್ಲದಿದ್ದರೂ ಎಲೆ ಸರಿಯಾಗಿ ಬೆಳೆಯುವುದಿಲ್ಲ ಎಂದು 2005ರಲ್ಲಿ ತಿಳಿಯಿತು. ಸಕ್ಕರೆಯನ್ನು ನೆರೆಯವರು ಕೊಟ್ಟಾರು, ಪೊರೆಯ ಕೊಬ್ಬನ್ನು ಆಯಾ ಜೀವಕೋಶವೇ ಮಾಡಿಕೊಳ್ಳಬೇಕು. ಭತ್ತ, ಮುಸುಕಿನ ಜೋಳದಂಥ ಹುಲ್ಲಿನ ಜಾತಿಗಳು ಮಾತ್ರ ಈ ಜೀನನ್ನು ಪ್ಲಾಸ್ಟಿಡ್‌ನಿಂದ ಕಳೆದುಕೊಂಡು ಬೇರೆ ದಾರಿ ಕಂಡುಕೊಂಡಿವೆ.

ಹಾಗಾದರೆ ಮಗಳಿಗೆ ಉತ್ತರ ಇದು: "ಬಿಳಿ ಭಾಗದಲ್ಲೂ ಪ್ಲಾಸ್ಟಿಡ್ ಇದೆ, ಪುಟ್ಟಿ. ಅದಕ್ಕೆ ಹಸಿರು ಬಣ್ಣ ಬಂದಿಲ್ಲ, ಅಷ್ಟೇ. ಸಕ್ಕರೆ ಪಕ್ಕದಿಂದ ಬರುತ್ತೆ, ಕಟ್ಟೋ ಕೆಲಸ ಅದು ತಾನೇ ಮಾಡ್ಕೊಳ್ಳುತ್ತೆ." ಮರುದಿನ ಹೇಳಿದೆ. "ಹಾಗಾದ್ರೆ ಅದು ಸೋಮಾರಿ ಅಲ್ಲ" ಎಂದಳು.

ನೀವೂ ಮಕ್ಕಳ ಜೊತೆ ಇಷ್ಟು ಮಾಡಿ ನೋಡಿ. ಕಾರಿಡಾರಿನಲ್ಲೋ, ಬ್ಲಾಕಿನ ಕೆಳಗಿನ ತೋಟದಲ್ಲೋ ಒಂದು ಪಕ್ಕ ಹಸಿರು, ಇನ್ನೊಂದು ಪಕ್ಕ ಬಿಳಿ ಇರುವ ಎಲೆ ಹುಡುಕಿ. ಎರಡು ಪಕ್ಕದ ಅಗಲ ಅಳೆಯಿರಿ. ಕೆಲವು ಎಲೆಗಳು ಬಿಳಿಯ ಕಡೆಗೆ ಬಾಗಿರುತ್ತವೆ, ಏಕೆಂದರೆ ಆ ಪಕ್ಕ ಕಡಿಮೆ ಬೆಳೆದಿರುತ್ತದೆ. ಎಲ್ಲ ಬಿಳಿಗೂ ಕಾರಣ ಒಂದೇ ಅಲ್ಲ ಎಂಬುದನ್ನೂ ಹೇಳಿ: ಕೆಲವದರಲ್ಲಿ ತಪ್ಪು ಪ್ಲಾಸ್ಟಿಡ್‌ನ ಜೀನ್‌ನಲ್ಲಿ, ಕೆಲವದರಲ್ಲಿ ಕೋಶಕೇಂದ್ರದ ಜೀನ್‌ನಲ್ಲಿ, ಇನ್ನು ಕೆಲವದರಲ್ಲಿ ವೈರಸ್. ಎಲೆಯನ್ನು ಆಲ್ಕೋಹಾಲ್‌ನಲ್ಲಿ ಕುದಿಸುವ ಅಯೋಡಿನ್ ಪ್ರಯೋಗ ಶಾಲೆಯ ಲ್ಯಾಬಿನಲ್ಲೇ ಇರಲಿ, ಮನೆಯ ಒಲೆಯ ಮೇಲೆ ಬೇಡ. ಮನಿ ಪ್ಲಾಂಟ್ ರಸ ಬಾಯಿಗೆ ತುರಿಕೆ ತರುತ್ತದೆ, ಚಿಕ್ಕ ಮಕ್ಕಳಿದ್ದರೆ ಎಚ್ಚರ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದಿರಲಿ, ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು.

ಮತ್ತೆ, ಹೋಮ್‌ವರ್ಕ್ ನಡುವೆ ಮಗು ಪಾಠದಲ್ಲಿಲ್ಲದ ಪ್ರಶ್ನೆ ಕೇಳಿದರೆ ಅದನ್ನು ಫ್ರಿಜ್ ಮೇಲೆ ಬರೆದು ಅಂಟಿಸಿಡಿ. ಉತ್ತರ ಭಾನುವಾರ ಹುಡುಕಿದರೂ ನಡೆಯುತ್ತದೆ. ನಮ್ಮ ಫ್ರಿಜ್ ಮೇಲೆ ಈಗ ನಾಲ್ಕು ಚೀಟಿಗಳಿವೆ.